ಮಗ, ಅಪ್ಪ, ಅಜ್ಜ ಮತ್ತು ಡೇಟಾಬೇಸು

ಗಣಕವನ್ನು ಫಾರ್ಮ್ಯಾಟ್ ಮಾಡಿ ಎಲ್ಲವನ್ನೂ ಹೊಸದಾಗಿ ಇನ್‌ಸ್ಟಾಲ್ ಮಾಡುವ ಮೊದಲು ಫೋಟೋ, ಹಾಡು, ಬರೆದ ಲೇಖನಗಳನ್ನೆಲ್ಲ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿಕೊಳ್ಳುವುದು ನಮಗೆಲ್ಲ ರೂಢಿ. ಡೇಟಾಬೇಸಿನ ವಿಷಯ ಮಾತ್ರ ಅಷ್ಟು ಸಲೀಸಲ್ಲ. ನನ್ನ ಗಣಕದಲ್ಲಿ ನಮ್ಮ ಕಡೆಯ ಗಾದೆಗಳನ್ನು ಕೂಡಿಸಿಟ್ಟ ಪುಟ್ಟದೊಂದು ಮೈಎಸ್‌ಕ್ಯೂಎಲ್ ಡೇಟಾಬೇಸ್ ಇದೆ. ಅವನ್ನು ಹೇಳಿದ ಹಿರಿಯರಲ್ಲಿ ಕೆಲವರು ಈಗಿಲ್ಲ. ಕಳೆದುಹೋದರೆ ಮತ್ತೆ ಕೇಳಿ ಬರೆದುಕೊಳ್ಳುವ ಹಾಗಿಲ್ಲ! ಈ ಕಾರಣಕ್ಕೇ ಬ್ಯಾಕಪ್ಪಿನ ಚರಿತ್ರೆಯನ್ನು ಸ್ವಲ್ಪ ಕುತೂಹಲದಿಂದ ಓದಿಕೊಂಡೆ.

ಕಥೆ ಶುರುವಾಗುವುದು ಟೇಪಿನ ಕಾಲದಿಂದ. 1950-60ರ ದಶಕಗಳಲ್ಲಿ ದೊಡ್ಡ ಕಂಪನಿಗಳ ಲೆಕ್ಕಪತ್ರ ಮ್ಯಾಗ್ನೆಟಿಕ್ ಟೇಪಿನ ಸುರುಳಿಗಳಲ್ಲಿ ಇರುತ್ತಿತ್ತು. ಟೇಪಿನ ನಡುವೆ ಎಲ್ಲೋ ಒಂದು ಸಾಲು ತಿದ್ದುವುದು ಕಷ್ಟ. ಅದಕ್ಕೆ ನಿನ್ನೆಯ ಟೇಪು ಒಂದು ಕಡೆ, ಇವತ್ತಿನ ವ್ಯವಹಾರಗಳ ಟೇಪು ಇನ್ನೊಂದು ಕಡೆ ಹಾಕಿ, ಎರಡನ್ನೂ ಓದಿ ಮೂರನೆಯ ಹೊಸ ಟೇಪು ಬರೆಯುತ್ತಿದ್ದರು. ಹೊಸತು 'ಮಗ', ನಿನ್ನೆಯದು 'ಅಪ್ಪ', ಮೊನ್ನೆಯದು 'ಅಜ್ಜ'. ಮಗನಿಗೆ ಏನಾದರೂ ಆದರೆ ಅಪ್ಪನನ್ನು ಹಾಕಿ ದಿನದ ವ್ಯವಹಾರವನ್ನು ಮತ್ತೆ ಓಡಿಸಿದರೆ ಮುಗಿಯಿತು. ಇಲ್ಲಿ ಬ್ಯಾಕಪ್ ಅನ್ನುವುದು ಬೇರೆ ಕೆಲಸವೇ ಅಲ್ಲ, ದಿನದ ಕೆಲಸದಲ್ಲೇ ಸೇರಿಕೊಂಡಿತ್ತು.

ಆಮೇಲೆ ಡಿಸ್ಕು ಬಂತು. ಇದ್ದ ಜಾಗದಲ್ಲೇ ತಿದ್ದಬಹುದಾಯಿತು, ಹಾಗೆ ತಿದ್ದಿದಾಗ ಹಳೆಯದು ಅಳಿಸಿಯೂ ಹೋಯಿತು. ಅಪ್ಪನೂ ಇಲ್ಲ, ಅಜ್ಜನೂ ಇಲ್ಲ! 1970ರ ದಶಕದಲ್ಲಿ ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿ 'ಸಿಸ್ಟಂ ಆರ್' ಕಟ್ಟಿದ ಜಿಮ್ ಗ್ರೇ ಮತ್ತು ಸಂಗಡಿಗರು ಪ್ರತಿ ಬದಲಾವಣೆಯನ್ನೂ ಒಂದು 'ಲಾಗ್'ನಲ್ಲಿ ಬರೆದಿಡುವ ಉಪಾಯವನ್ನು ಬಳಸಿದರು. ಅದರ ವಿವರಗಳನ್ನು 1981ರ ಒಂದು ಪ್ರಬಂಧದಲ್ಲಿ ಕೊಟ್ಟಿದ್ದಾರೆ. ಮದ್ರಾಸಿನ ಐಐಟಿಯಲ್ಲಿ ಓದಿದ ಸಿ. ಮೋಹನ್ ಮತ್ತು ಜೊತೆಗಾರರು 1992ರಲ್ಲಿ ಪ್ರಕಟಿಸಿದ 'ಏರೀಸ್' ಈ ದಾರಿಯಲ್ಲೇ ಇನ್ನಷ್ಟು ಮುಂದೆ ಹೋಯಿತು. ಹಳೆಯ ಪ್ರತಿ ಒಂದು, ಅಲ್ಲಿಂದೀಚೆಗೆ ನಡೆದದ್ದರ ಪಟ್ಟಿ ಒಂದು.. ಯೋಚಿಸಿ ನೋಡಿದರೆ ಇದು ಅದೇ ಅಪ್ಪನ ಟೇಪು ತಾನೇ?

ಇಷ್ಟೆಲ್ಲ ಗೊತ್ತಿದ್ದೂ ಮುಳುಗಿದವರಿದ್ದಾರೆ. ಬ್ಲಾಗಿಗರಾದ ನಾವು ನೆನಪಿಡಬೇಕಾದದ್ದು ಜರ್ನಲ್‌ಸ್ಪೇಸ್ ಕಥೆ. ಆರು ವರ್ಷ ನಡೆದಿದ್ದ ಈ ಬ್ಲಾಗ್ ತಾಣದ ಡೇಟಾಬೇಸು 2008ರ ಡಿಸೆಂಬರಿನಲ್ಲಿ ಅಳಿಸಿಹೋಯಿತು. ಎರಡು ಡಿಸ್ಕುಗಳಿದ್ದವು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಮೂಡುತ್ತಿತ್ತು. ಅದನ್ನೇ ಬ್ಯಾಕಪ್ ಎಂದು ನಂಬಿದ್ದರು. ಆದರೆ ಅಳಿಸಿದ್ದು ಕೂಡ ಎರಡರಲ್ಲೂ ಅಳಿಸುತ್ತದಲ್ಲ! ಡೇಟಾ ಹೊರತೆಗೆಯುವ ಪರಿಣಿತರಿಂದಲೂ ಆಗಲಿಲ್ಲ, ತಾಣ ಮುಚ್ಚಿತು.

2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ನಡೆದದ್ದು ಇನ್ನೊಂದು ಪಾಠ. ನಕಲು ಸರ್ವರಿನಲ್ಲಿ ಅಳಿಸಬೇಕಾದ್ದನ್ನು ಮುಖ್ಯ ಸರ್ವರಿನಲ್ಲೇ ಅಳಿಸಿದರು. ಸುಮಾರು 300 ಜಿಬಿ ಮಾಯ. ಬ್ಯಾಕಪ್ ವ್ಯವಸ್ಥೆ ಇತ್ತೇ? ಹಲವಾರಿದ್ದವು. ದಿನವೂ ತೆಗೆಯಬೇಕಿದ್ದ ನಕಲು ಮಾತ್ರ ತಂತ್ರಾಂಶದ ಆವೃತ್ತಿ ಹೊಂದದೆ ತೆಗೆದೇ ಇರಲಿಲ್ಲ. ಅದನ್ನು ತಿಳಿಸಬೇಕಿದ್ದ ಈಮೇಲುಗಳೂ ತಲುಪುತ್ತಿರಲಿಲ್ಲ. ಒಬ್ಬ ಎಂಜಿನಿಯರ್ ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಪ್ರತಿಯೇ ಕೊನೆಗೆ ಕೈ ಹಿಡಿಯಿತು.

ಇನ್ನು ನಮ್ಮಂಥವರ ಗಣಕಕ್ಕೆ ಬರೋಣ. ಮೈಎಸ್‌ಕ್ಯೂಎಲ್ ಹಳೆಯ ಆವೃತ್ತಿಗಳಲ್ಲಿ ಟೇಬಲ್‌ಗಳು 'ಮೈಐಸ್ಯಾಮ್' ರೂಪದಲ್ಲಿರುತ್ತಿದ್ದವು. ಸರ್ವರ್ ನಿಲ್ಲಿಸಿ ಫೋಲ್ಡರ್ ಕಾಪಿ ಮಾಡಿದರೆ ಸಾಕಿತ್ತು. 2010ರಲ್ಲಿ ಬಂದ 5.5ರಿಂದ 'ಇನ್ನೋಡಿಬಿ' ರೂಢಿಯಾಯಿತು. ಇದರ ಮಾಹಿತಿ ಫೋಲ್ಡರಿನ ಹೊರಗಿನ ಕಡತಗಳಲ್ಲೂ ಇರುತ್ತದೆ. ಫೋಲ್ಡರ್ ಮಾತ್ರ ತಂದು ಹಾಕಿದರೆ ಹೆಸರುಗಳಷ್ಟೇ ಕಂಡು, ತೆರೆಯಲು ಹೋದರೆ 'ಇಂಥ ಟೇಬಲ್ಲೇ ಇಲ್ಲ' ಎಂಬ ಉತ್ತರ ಬರಬಹುದು. 'ಮೈಎಸ್‌ಕ್ಯೂಎಲ್‌ಡಂಪ್' ಮಾಡುವುದೇ ಬೇರೆ. ಅದು ಕೊಡುವುದು ಅಡುಗೆಯನ್ನಲ್ಲ, ಅಡುಗೆ ಮಾಡುವ ವಿಧಾನವನ್ನು. ಟೇಬಲ್ ಹೀಗೆ ಕಟ್ಟು, ಇಂಥ ಸಾಲು ಸೇರಿಸು ಎಂಬ ಆದೇಶಗಳ ಪಠ್ಯ ಅದು.

ಕನ್ನಡಕ್ಕೆ ಇನ್ನೊಂದು ಗಂಡಾಂತರವಿದೆ. ಮೈಎಸ್‌ಕ್ಯೂಎಲ್‌ಗೆ ಯೂನಿಕೋಡ್ ಬಂದದ್ದು 2004ರ 4.1ರಲ್ಲಿ. ಆದರೂ ತಾನಾಗಿ ಆರಿಸಿಕೊಳ್ಳುತ್ತಿದ್ದ ಲಿಪಿವ್ಯವಸ್ಥೆ 'ಲ್ಯಾಟಿನ್1'. ಅದು ಬದಲಾದದ್ದು 2018ರ 8.0ರಲ್ಲಿ! ಯುಟಿಎಫ್-8ರಲ್ಲಿ 'ಕ' ಎಂದರೆ ಮೂರು ಬೈಟು. ಲ್ಯಾಟಿನ್1 ಎಂದುಕೊಂಡು ಓದಿದರೆ ಒಂದು 'ಕ' ಮೂರು ವಿಚಿತ್ರ ಚಿಹ್ನೆಗಳಾಗುತ್ತದೆ. ಇದನ್ನು ಸಾಮಾನ್ಯವಾಗಿ ಸರಿಪಡಿಸಬಹುದು, ಬೈಟುಗಳು ಉಳಿದಿರುತ್ತವೆ. ಆದರೆ ನಿಜವಾದ ಕನ್ನಡವನ್ನು ಲ್ಯಾಟಿನ್1 ಅಂಕಣಕ್ಕೆ ತುರುಕಿದರೆ ಅಕ್ಷರಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಉಳಿಯುತ್ತದೆ. ಸಾಲುಗಳ ಸಂಖ್ಯೆ ಸರಿ, ದೋಷದ ಸಂದೇಶ ಇಲ್ಲದಿರಬಹುದು, ಗಾದೆ ಮಾತ್ರ ಇಲ್ಲ. ಯಾವ ಪರಿಣಿತರೂ ಆ ಚಿಹ್ನೆಗಳಿಂದ ಕನ್ನಡ ತೆಗೆಯಲಾರರು.

ನಾನು ಈ ಚರಿತ್ರೆಯಿಂದ ತಿಳಿದುಕೊಂಡದ್ದು ಇಷ್ಟೇ: ನಕಲು ತೆಗೆದರೆ ಅರ್ಧ ಕೆಲಸ ಮಾತ್ರ, ಅದನ್ನು ಮರಳಿ ತೆರೆದು ಓದಿದಾಗಲೇ ಅದು ಬ್ಯಾಕಪ್. ಡಿಸ್ಕ್ ಅಳಿಸುವ ಮೊದಲೇ ಡಂಪನ್ನು ಇನ್ನೊಂದು ಗಣಕದಲ್ಲಿ ರೀಸ್ಟೋರ್ ಮಾಡಿ, ಸಾಲುಗಳನ್ನು ಎಣಿಸಿ, ನಾಲ್ಕಾರು ಗಾದೆಗಳನ್ನು ಕಣ್ಣಾರೆ ಓದುತ್ತೇನೆ. ಮೈಎಸ್‌ಕ್ಯೂಎಲ್ ಆವೃತ್ತಿಯ ಸಂಖ್ಯೆಯನ್ನೂ ಲಿಪಿವ್ಯವಸ್ಥೆಯ ಹೆಸರನ್ನೂ ಜೊತೆಗೆ ಬರೆದಿಡುತ್ತೇನೆ. ಹಳೆಯ ಎರಡು ಪ್ರತಿಗಳನ್ನು ಅಳಿಸುವುದಿಲ್ಲ, ಅಪ್ಪನೂ ಇರಲಿ, ಅಜ್ಜನೂ ಇರಲಿ :-)

ನಿಮ್ಮ ಹಳೆಯ ಬ್ಯಾಕಪ್ ಸೀಡಿಗಳನ್ನು, ಡಂಪುಗಳನ್ನು ಕೊನೆಯ ಸಲ ತೆರೆದು ನೋಡಿದ್ದು ಯಾವಾಗ?