ಸದಲಗಾದ ಡಾ. ಉಪಾಧ್ಯೆ ಮತ್ತು ಪ್ರಾಕೃತ ಕಾವ್ಯದ ಹೊಸ ಓದು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದರೆ ಕಬ್ಬು, ತಂಬಾಕು, ಎರಡು ಭಾಷೆಯ ಸಂತೆ ಎಂದು ಹೊರಗಿನವರು ಹೇಳುವುದುಂಟು. ಆದರೆ ಪ್ರಾಚೀನ ಕಾವ್ಯವನ್ನು ಓದುವ ಕ್ರಮಕ್ಕೆ ಹೊಸ ದಾರಿ ತೋರಿದ ವಿದ್ವಾಂಸರೊಬ್ಬರು ಇದೇ ಸೀಮೆಯವರು. ಡಾ. ಆದಿನಾಥ ನೇಮಿನಾಥ ಉಪಾಧ್ಯೆ ಅವರು 1906ರಲ್ಲಿ ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ ಹುಟ್ಟಿದರು. 1930ರಿಂದ ಮೂರು ದಶಕಗಳ ಕಾಲ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಕೃತ ಕಲಿಸಿದರು.

ಪ್ರಾಕೃತವು ಜನರ ಮಾತಿನಿಂದ ಬೆಳೆದ ಹಳೆಯ ಭಾಷೆ. ಅಶೋಕನ ಶಾಸನಗಳು, ಸಾತವಾಹನ ದೊರೆ ಹಾಲನ ಹೆಸರಿನ ಗಾಥೆಗಳು, ಜೈನ ಆಗಮಗಳು ಈ ಭಾಷೆಯಲ್ಲಿವೆ. ಆದರೂ ಬಹುಕಾಲ ಓದುಗರು ಪದ್ಯದ ಕೆಳಗೆ ಬರೆದ ಸಂಸ್ಕೃತ ಛಾಯೆಯನ್ನೇ ನೆಚ್ಚಿಕೊಂಡಿದ್ದರು. ಆಗಮಗಳಿಗೆ ಪೂಜೆ ಸಲ್ಲುತ್ತಿತ್ತು; ಈ ಪಾಠ ಯಾವ ಕಾಲದ್ದು, ಯಾವ ಪ್ರತಿಯದ್ದು ಎಂದು ಕೇಳುವವರು ವಿರಳ. ಜರ್ಮನಿಯ ವೇಬರ್ 1870 ಮತ್ತು 1881ರಲ್ಲಿ ಹಾಲನ ಗಾಥೆಗಳನ್ನು ಅಚ್ಚು ಹಾಕಿಸಿದರು. 1900ರಲ್ಲಿ ಪಿಶೆಲ್ ಪ್ರಾಕೃತ ವ್ಯಾಕರಣ ಬರೆದರು. ಅಲ್ಲಿಂದ ಈ ಓದಿಗೆ ಹೊಸ ಶಿಸ್ತು ಬಂತು.

ಉಪಾಧ್ಯೆಯವರು ಆ ಶಿಸ್ತನ್ನು ನಮ್ಮ ಭಂಡಾರಗಳ ಹಸ್ತಪ್ರತಿಗಳಿಗೆ ಅನ್ವಯಿಸಿದರು. ಒಂದು ಗ್ರಂಥದ ಪ್ರತಿಗಳನ್ನು ಕೂಡಿಸುವುದು, ಸಾಲು ಸಾಲಾಗಿ ಹೋಲಿಸುವುದು, ಲಿಪಿಕಾರರ ತಪ್ಪು ಹಿಡಿಯುವುದು, ಛಂದಸ್ಸು ನೋಡುವುದು, ಬೇರೆ ಪಾಠಗಳನ್ನು ಪುಟದ ಅಡಿಯಲ್ಲಿ ಕೊಡುವುದು ಅವರ ಕೆಲಸವಾಗಿತ್ತು. ತಾವು ಒಪ್ಪದ ಪಾಠವನ್ನೂ ಮುಚ್ಚಿಡದೆ ತೀರ್ಮಾನವನ್ನು ಓದುಗರಿಗೆ ಬಿಡುತ್ತಿದ್ದರು. 1949ರಲ್ಲಿ ಕುತೂಹಲ ಕವಿಯ ಲೀಲಾವತೀ ಕಾವ್ಯ ಹೀಗೆ ಹೊರಬಂತು. ಕ್ರಿ.ಶ. 779ರಲ್ಲಿ ಉದ್ಯೋತನ ಸೂರಿ ಮುಗಿಸಿದ ಕುವಲಯಮಾಲೆಯನ್ನು ಜೈಸಲ್ಮೇರದ ತಾಳೆಗರಿ ಪ್ರತಿ ಮತ್ತು ಪುಣೆಯ ಕಾಗದದ ಪ್ರತಿಗಳಿಂದ ಸಿದ್ಧಪಡಿಸಿ 1959ರಲ್ಲಿ ಪಠ್ಯವನ್ನು ಪ್ರಕಟಿಸಿದರು. ಅದರಲ್ಲಿ ಬಗೆಬಗೆಯ ನಾಡಿನ ವರ್ತಕರು ಸಂತೆಯಲ್ಲಿ ತಮ್ಮ ತಮ್ಮ ಮಾತಾಡುವ ಚಿತ್ರವಿದೆ; ಕರ್ಣಾಟಕದವರೂ ಅಲ್ಲಿದ್ದಾರೆ. ನಮ್ಮ ಸಂತೆಗಳನ್ನು ಕಂಡವರಿಗೆ ಆ ಚಿತ್ರ ಹೊಸದೆನಿಸದು.

ಕನ್ನಡಕ್ಕೂ ಇದರ ಫಲ ದೊರೆಯಿತು. ವಡ್ಡಾರಾಧನೆಯ 19 ಕಥೆಗಳು ಪ್ರಾಕೃತ ಗಾಥೆಗಳಿಂದ ಆರಂಭವಾಗುತ್ತವೆ. ಆ ಗಾಥೆಗಳು ಶಿವಾರ್ಯನ ಭಗವತೀ ಆರಾಧನೆಯಲ್ಲಿವೆ. ಹರಿಷೇಣನ ಬೃಹತ್ಕಥಾಕೋಶಕ್ಕೆ 1943ರಲ್ಲಿ ಬರೆದ ಪ್ರಸ್ತಾವನೆಯಲ್ಲಿ ಉಪಾಧ್ಯೆಯವರು ಇಂಥ ಕಥೆಗಳ ಬೇರನ್ನು ಹುಡುಕಿ ತೋರಿಸಿದರು. ಒಂಟಿಯಾಗಿ ಕಂಡ ನಮ್ಮ ಗದ್ಯಕೃತಿ ಒಂದು ದೊಡ್ಡ ಕುಟುಂಬದ್ದೆಂದು ತಿಳಿಯಿತು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1975ರಲ್ಲಿ ತೀರಿಕೊಂಡರು.

ಈ ಹೊಸ ಓದು ಹಿರಿಯರನ್ನು ಹೀಗಳೆಯುವುದಲ್ಲ. ಬಸದಿ, ಮಠ, ಮನೆಗಳಲ್ಲಿ ಗ್ರಂಥಗಳನ್ನು ಗೆದ್ದಲು ತಿನ್ನದಂತೆ ಕಾಯ್ದವರು ಇರದಿದ್ದರೆ ಹೋಲಿಸಲು ಪ್ರತಿಗಳೇ ಸಿಗುತ್ತಿರಲಿಲ್ಲ. ಅವರ ಕಾಯುವಿಕೆಗೆ ವಿದ್ವಾಂಸರ ಪ್ರಶ್ನೆ ಜತೆಯಾಯಿತು.

ಇಂದು ಹಳೆಯ ಮನೆಗಳನ್ನು ಕೆಡವಿ ಹೊಸದು ಕಟ್ಟುತ್ತಿದ್ದೇವೆ. ಅಟ್ಟದ ಮೇಲೆ ತಾಳೆಗರಿಯೋ ಹಳೆಯ ಕೈಬರಹದ ಕಟ್ಟೋ ಸಿಕ್ಕರೆ ಹೊಳೆಗೆ ಬಿಡುವ ಮುನ್ನ ನಮ್ಮ ಶಾಲೆಯ ಗುರುಗಳಿಗೆ ತೋರಿಸಿರಿ ಎಂದು ಹಳೆಯ ವಿದ್ಯಾರ್ಥಿಗಳಲ್ಲಿ, ಊರ ಹಿರಿಯರಲ್ಲಿ ನನ್ನ ವಿನಂತಿ. ಬೇರೆಲ್ಲೂ ಇಲ್ಲದ ಒಂದು ಪಾಠ ಅದರಲ್ಲಿರಬಹುದು. ಅದನ್ನು ಓದುವ ಹುಡುಗನೋ ಹುಡುಗಿಯೋ ಈಗ ನಮ್ಮದೇ ಎಂಟನೆಯ ಇಯತ್ತೆಯಲ್ಲಿ ಕೂತಿರಬಹುದು.