ಹೆಬ್ಬೆಟ್ಟು ಒತ್ತದವರ ಚರಿತ್ರೆ: ಕೋಲಾರದ ಚಿನ್ನದ ಗಣಿಗಳ ಆರಂಭದ ಕಾರ್ಮಿಕ ನಾಯಕತ್ವ

ಕೋಲಾರ ಜಿಲ್ಲೆಯ ಕಾರ್ಮಿಕ ಚಳವಳಿಯನ್ನು ಕುರಿತು ಬರೆಯಹೊರಟವರಿಗೆ ಮೊದಲು ಎದುರಾಗುವ ತೊಡಕೆಂದರೆ, ಗಣಿಯ ಹಕ್ಕುದಾರರ ಹೆಸರುಗಳು ದಾಖಲೆಗಳಲ್ಲಿ ಧಾರಾಳವಾಗಿ ಸಿಗುವಂತೆ ಗಣಿಗಿಳಿದವರ ಹೆಸರುಗಳು ಸಿಗದಿರುವುದು. ನ್ಯೂಜಿಲೆಂಡಿನ ಯುದ್ಧಗಳಲ್ಲಿ ಕಾದಾಡಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಐರಿಶ್ ಸೈನಿಕ ಮೈಕೇಲ್ ಲಾವೆಲ್, 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಪರವಾನಗಿ ಪಡೆದು, ಬಂಡವಾಳ ಸಾಲದೆ ಕೆಲವೇ ವರ್ಷಗಳಲ್ಲಿ ಅದನ್ನು ಪರರಿಗೆ ವಹಿಸಿದನು. ಆದರೂ ಬೆಂಗಳೂರಿನ ಲಾವೆಲ್ ರಸ್ತೆಯಿಂದಾಗಿ ಅವನ ಹೆಸರು ಉಳಿದಿದೆ. 1880ರಿಂದಾಚೆಗೆ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಬೆಳೆದ ಈ ಗಣಿಗಳ ಆಳಕ್ಕಿಳಿದವರಾದರೋ ಬಹುಪಾಲು ಉತ್ತರ ಆರ್ಕಾಟು, ಚಿತ್ತೂರು ಮೊದಲಾದ ಕಡೆಗಳಿಂದ ಮೇಸ್ತ್ರಿಗಳ, ಎಂದರೆ ಆಳುಗಳನ್ನು ಒದಗಿಸಿ ಅವರ ಕೂಲಿಯ ಮೇಲೂ ಹಿಡಿತವಿಟ್ಟುಕೊಂಡಿದ್ದ ಗುತ್ತಿಗೆದಾರರ, ಮೂಲಕ ಬಂದ ದಲಿತರು.

1930ರಲ್ಲಿ ಇವರು ಮೂರು ವಾರ ಮುಷ್ಕರ ಹೂಡಿದ್ದು ಕೂಲಿಯ ದರಕ್ಕಾಗಿ ಅಲ್ಲ, ಬೆರಳಚ್ಚು ಪಡೆದು ನೋಂದಾಯಿಸಿಕೊಳ್ಳುವ ಹೊಸ ಪದ್ಧತಿಯ ವಿರುದ್ಧ ಎಂಬುದು ಗಮನಾರ್ಹ. ಬೆರಳಚ್ಚು ಅಪರಾಧಿಗಳನ್ನು ಗುರುತಿಸುವ ಸಾಧನವಾಗಿದ್ದ ಕಾಲದಲ್ಲಿ ಅದನ್ನು ಕೊಡುವುದು ಮರ್ಯಾದೆಗೇಡೆನಿಸಿದ್ದು ಸಹಜವೇ. ಈ ಮುಷ್ಕರಕ್ಕೆ ಸಂಘವಾಗಲಿ ಘೋಷಿತ ಮುಂದಾಳಾಗಲಿ ಇರಲಿಲ್ಲ. ಆದರೆ ಸಾವಿರಾರು ಜನ ಇಷ್ಟು ದಿನ ಕದಲದೆ ನಿಂತದ್ದನ್ನು ನೋಡಿದರೆ ನಾಯಕರೇ ಇರಲಿಲ್ಲ ಎನ್ನುವುದಕ್ಕಿಂತ, ಗುರುತಿಗೆ ಸಿಕ್ಕವರು ಕೆಲಸವನ್ನೂ ಕಂಪನಿ ಕೊಟ್ಟ ಸಾಲುಮನೆಯನ್ನೂ (ಲೈನ್ ಮನೆಯನ್ನೂ) ಒಟ್ಟಿಗೇ ಕಳೆದುಕೊಳ್ಳಬೇಕಾದ ಆ ಊರಿನಲ್ಲಿ ನಾಯಕರು ಕಾಣದಂತೆ ಉಳಿದರು ಎನ್ನುವುದೇ ಹೆಚ್ಚು ಸಮಂಜಸ. ಗುರುತು ಕೊಡಲೊಪ್ಪದ ಚಳವಳಿಯ ಜೀವನಚರಿತ್ರೆಯನ್ನು ಸರ್ಕಾರಿ ಕಡತಗಳಲ್ಲೇ ಹುಡುಕುವುದು ವಿಪರ್ಯಾಸವೇ ಸರಿ.

ಕಡತ ದೊರೆತ ಕಡೆಯಲ್ಲೂ ಜೀವನಚರಿತ್ರೆ ಸುಲಭವಲ್ಲ. ಐರ್ಲೆಂಡಿನ ಕಾರ್ಮಿಕ ಮುಂದಾಳು ಜೇಮ್ಸ್ ಕಾನಲಿ ಹುಟ್ಟಿದ್ದು ಐರ್ಲೆಂಡಿನಲ್ಲಿಯೇ ಎಂದು ಬಹುಕಾಲ ನಂಬಲಾಗಿತ್ತು. ಅವನು 1868ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಜನಿಸಿದನೆಂಬುದು ಡೆಸ್ಮಂಡ್ ಗ್ರೀವ್ಸ್ ಬರೆದ 1961ರ ಜೀವನಚರಿತ್ರೆಯಿಂದ ಖಚಿತವಾಯಿತು.

ಕೋಲಾರದ ಮಟ್ಟಿಗೆ ಅಂಥ ಶೋಧಕ್ಕೆ ಹೆಚ್ಚು ಫಲವತ್ತಾದ ನೆಲ ಗಣಿ ಪ್ರದೇಶದ ಮಾರಿಕುಪ್ಪಂ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ತಮಿಳು ದಲಿತ ಚಿಂತಕ ಅಯೋತಿದಾಸ ಪಂಡಿತರ ಪ್ರಭಾವದಿಂದ ಅಲ್ಲಿ ಬೌದ್ಧ ಸಂಘವೊಂದು ನೆಲೆಯೂರಿ, ಓದು, ಭಾಷಣ, ಮುದ್ರಣಗಳ ಮೂಲಕ ಸಭೆ ಸೇರುವ ಅಭ್ಯಾಸವನ್ನು ಬೆಳೆಸಿತ್ತು. ಕಾರ್ಮಿಕ ಸಂಘಗಳು ಬಂದದ್ದು ಬಹಳ ತಡವಾಗಿ. ಸಂಘಗಳಿಗೆ ಕಾನೂನಿನ ಮಾನ್ಯತೆ ಕೊಟ್ಟ 1942ರ ಮೈಸೂರು ಕಾರ್ಮಿಕ ಕಾಯಿದೆಯ ಕಾಲಕ್ಕೆ ಕೆ.ಎಸ್. ವಾಸನ್, ವಿ.ಎಂ. ಗೋವಿಂದನ್ ಮೊದಲಾದ ಕಮ್ಯುನಿಸ್ಟ್ ನಾಯಕರ ಹೆಸರುಗಳು ದಾಖಲೆಗೆ ಬರುತ್ತವೆ. 1946ರ ನವೆಂಬರ್ 4ರ ಪೊಲೀಸ್ ಗೋಲಿಬಾರಿನಲ್ಲಿ ಆರು ಮಂದಿ ಕಾರ್ಮಿಕರು ಸತ್ತ ಮೇಲಂತೂ ಚಳವಳಿಯ ಕಥನ ಈ ನಾಯಕರ ಸುತ್ತಲೇ ಹೆಣೆಯಲ್ಪಟ್ಟು, 1930ರವರು ಇನ್ನಷ್ಟು ಹಿಂದಕ್ಕೆ ಸರಿದರು.

ಗಣಿಗಳು 2001ರಲ್ಲಿ ಮುಚ್ಚಿದವು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸಂಶೋಧಕರು ಕನ್ನಡದ ದಾಖಲೆಗಳಿಗೇ ನಿಲ್ಲದೆ ತಮಿಳು, ತೆಲುಗು ಬಲ್ಲವರ ಜೊತೆಗೂಡಿ, ಲೈನ್ ಮನೆಗಳಲ್ಲಿ ಉಳಿದಿರಬಹುದಾದ ಸಂಘದ ರಸೀದಿ, ಕರಪತ್ರ, ಹಾಜರಿ ಚೀಟಿಗಳನ್ನು ಈಗಲೇ ಸಂಗ್ರಹಿಸಬೇಕಾಗಿದೆ.