ನರ್ಸ್ ರಿಜಿಸ್ಟ್ರೇಷನ್ ರಿನೀವಲ್‌ಗೆ 150 ಗಂಟೆ ತರಬೇತಿ: 5 ವರ್ಷಕ್ಕೆ ಹಂಚಿಕೊಳ್ಳೋದು ಹೇಗೆ?

ತಾಲ್ಲೂಕು ಆಸ್ಪತ್ರೆ ಇರಲಿ, ಬಸ್ ಸ್ಟ್ಯಾಂಡ್ ಪಕ್ಕದ ನರ್ಸಿಂಗ್ ಹೋಮ್ ಇರಲಿ, ಅಲ್ಲಿ ಡ್ಯೂಟಿ ಮಾಡುವ ಸಿಸ್ಟರ್, ಬ್ರದರ್‌ಗಳ ಕೆಲಸ ನಿಂತಿರೋದು ಎರಡು ಕಾಗದದ ಮೇಲೆ. ಒಂದು ಓದು ಮುಗಿಸಿದ ಸರ್ಟಿಫಿಕೇಟ್. ಇನ್ನೊಂದು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ರಿಜಿಸ್ಟ್ರೇಷನ್. ಮೊದಲನೆಯದು ಜೀವನಪೂರ್ತಿ ನಡೆಯುತ್ತೆ. ಎರಡನೆಯದನ್ನು 5 ವರ್ಷಕ್ಕೊಮ್ಮೆ ರಿನೀವಲ್ ಮಾಡಿಸಲೇಬೇಕು.

ರಿನೀವಲ್ ಅಂದ್ರೆ ಬರೀ ಫೀಸು ಕಟ್ಟೋದಲ್ಲ. ಈ 5 ವರ್ಷದಲ್ಲಿ 150 ಗಂಟೆಯ ನಿರಂತರ ನರ್ಸಿಂಗ್ ಶಿಕ್ಷಣ ಮುಗಿಸಿರಬೇಕು ಅಂತ ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಗದಿ ಮಾಡಿದೆ. ಆಸ್ಪತ್ರೆಗಳಲ್ಲಿ ಇದನ್ನೇ ‘ಸಿಎನ್ಇ’ ಅಂತಾರೆ. ಮಗಳನ್ನೋ ಸೊಸೆಯನ್ನೋ ನರ್ಸಿಂಗ್‌ಗೆ ಸೇರಿಸಿರುವ ಮನೆಯವರಿಗೂ ಈ ಲೆಕ್ಕ ಗೊತ್ತಿರಬೇಕು.

ಕೊನೇ ವರ್ಷಕ್ಕೆ ಬಿಟ್ಟರೆ ಏನಾಗುತ್ತೆ?

ದಿನಕ್ಕೆ 6 ಗಂಟೆಯ ಕಾರ್ಯಾಗಾರ ಅಂತ ಇಟ್ಟುಕೊಂಡರೆ 150 ಗಂಟೆಗೆ 25 ದಿನ ಬೇಕು. ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ಒಂದೇ ವರ್ಷ 25 ದಿನ ರಜೆ ಸಿಗೋದು ಕಷ್ಟ. ಸಿಕ್ಕರೂ ಎಷ್ಟೋ ಕಡೆ ಆ ದಿನದ ಸಂಬಳ ಕಟ್. ಅದರ ಮೇಲೆ ಬಸ್ ಚಾರ್ಜು, ತರಬೇತಿ ಫೀಸು ಬೇರೆ.

ಅದೇ ವರ್ಷಕ್ಕೆ 30 ಗಂಟೆ ಅಂತ ಹಂಚಿಕೊಂಡರೆ 5 ದಿನ ಸಾಕು. ಅಂದ್ರೆ ಎರಡೂವರೆ ತಿಂಗಳಿಗೆ ಒಂದು ದಿನ. ಡ್ಯೂಟಿ ಪಟ್ಟಿ ಹಾಕುವಾಗಲೇ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಹೇಳಿಟ್ಟರೆ ವೀಕ್ಲಿ ಆಫ್ ದಿನಕ್ಕೆ ಹೊಂದಿಸಿಕೊಳ್ಳಬಹುದು.

ಯಾವ ತರಬೇತಿ ಲೆಕ್ಕಕ್ಕೆ ಬರುತ್ತೆ?

ಹೋಗಿ ಕೂತು ಬಂದದ್ದೆಲ್ಲ ಲೆಕ್ಕಕ್ಕೆ ಬರೋದಿಲ್ಲ. ಕೌನ್ಸಿಲ್‌ನ ಒಪ್ಪಿಗೆ ಪಡೆದು ನಡೆಸುವ, ಸರ್ಟಿಫಿಕೇಟ್‌ನಲ್ಲಿ ಗಂಟೆ ಇಲ್ಲವೇ ಕ್ರೆಡಿಟ್ ನಮೂದಿಸಿರುವ ಕಾರ್ಯಕ್ರಮ ಆಗಿರಬೇಕು. ‘ಮನೆಯಲ್ಲೇ ಕೂತು ಒಂದೇ ದಿನಕ್ಕೆ ಅಷ್ಟೂ ಗಂಟೆ’ ಅನ್ನೋ ವಾಟ್ಸ್‌ಆ್ಯಪ್ ಮೆಸೇಜ್ ಬಂದರೆ ದುಡ್ಡು ಹಾಕುವ ಮುಂಚೆ ರಾಜ್ಯ ಕೌನ್ಸಿಲ್‌ನಲ್ಲಿ ವಿಚಾರಿಸಿ. ಕಳೆದುಕೊಂಡ ದುಡ್ಡು ಮತ್ತೆ ದುಡಿಯಬಹುದು, ಆದರೆ ಲೆಕ್ಕಕ್ಕಿಲ್ಲದ ಸರ್ಟಿಫಿಕೇಟ್ ನಂಬಿ ಕೂತ ವರ್ಷ ವಾಪಸ್ ಬರಲ್ಲ.

ನರ್ಸಿಂಗ್ ಕಾಲೇಜು, ದೊಡ್ಡ ಆಸ್ಪತ್ರೆಗಳು ವರ್ಷವಿಡೀ ಇಂಥ ಕಾರ್ಯಾಗಾರ ನಡೆಸುತ್ತವೆ. ಓದಿದ ಕಾಲೇಜಿನ ಸಂಪರ್ಕ ಇಟ್ಟುಕೊಂಡವರಿಗೆ ಸುದ್ದಿ ಬೇಗ ತಿಳಿಯುತ್ತೆ.

ಓದಿದ್ದು ಸಾಲದಾ?

‘ಹದಿನೈದು ವರ್ಷದಿಂದ ಇದೇ ಕೆಲಸ ಮಾಡ್ತಿದೀವಿ, ಇನ್ನೇನು ತರಬೇತಿ’ ಅನ್ನೋರಿದ್ದಾರೆ. ಆದರೆ ಕೆಲಸದ ವಿಧಾನವೇ ಬದಲಾಗಿದೆ.

ಹೃದಯ ನಿಂತವರಿಗೆ ಮೊದಲು ಶ್ವಾಸದ ದಾರಿ ನೋಡಿ, ಉಸಿರು ಕೊಟ್ಟು, ಆಮೇಲೆ ಎದೆ ಒತ್ತಬೇಕು ಅಂತ ಹಿಂದೆ ಕಲಿಸುತ್ತಿದ್ದರು. 2010ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಈ ಕ್ರಮವನ್ನು ಬದಲಿಸಿತು. ಈಗ ಮೊದಲು ಎದೆ ಒತ್ತುವುದು. ದೊಡ್ಡವರಿಗೆ ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ.

ಆಸ್ಪತ್ರೆ ತ್ಯಾಜ್ಯಕ್ಕೆ 2016ರಲ್ಲಿ ಹೊಸ ನಿಯಮ ಬಂತು. ಹಳದಿ, ಕೆಂಪು, ಬಿಳಿ, ನೀಲಿ ಅಂತ ವಿಂಗಡಣೆ ಆಯಿತು. ಸೂಜಿ ತಪ್ಪು ಬಕೆಟ್‌ಗೆ ಬಿದ್ದರೆ ಚುಚ್ಚೋದು ಆಯಾ ಕೈಗೆ.

ಹಾವು ಕಡಿತ ನಮ್ಮ ಹಳ್ಳಿಗಳ ನಿತ್ಯದ ಸಮಸ್ಯೆ. 2024ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ. ಅದಕ್ಕೂ ಮುಂಚೆ ಓದು ಮುಗಿಸಿದವರಿಗೆ ಇದನ್ನು ಕಾಲೇಜಿನಲ್ಲಿ ಹೇಳಿಕೊಟ್ಟಿರೋದಿಲ್ಲ.

5 ವರ್ಷದ ಪ್ಲಾನ್ ಹೀಗೆ ಮಾಡಬಹುದು

ಮೊದಲ ವರ್ಷ: ಯಾವ ವಾರ್ಡ್ ಆದರೂ ಬೇಕಾಗುವುದು. ಎದೆ ಒತ್ತುವ ಪ್ರಾಣರಕ್ಷಕ ತರಬೇತಿ, ಸೋಂಕು ತಡೆ, ತ್ಯಾಜ್ಯ ವಿಂಗಡಣೆ.

ಎರಡನೇ ಮತ್ತು ಮೂರನೇ ವರ್ಷ: ಈಗ ಮಾಡುತ್ತಿರುವ ಕೆಲಸಕ್ಕೆ ಸಂಬಂಧಪಟ್ಟದ್ದು. ಹೆರಿಗೆ ವಾರ್ಡ್‌ನವರು ಬಾಣಂತಿಯ ರಕ್ತಸ್ರಾವ, ಹುಟ್ಟಿದ ಮಗು ಉಸಿರಾಡದಿದ್ದಾಗ ಮಾಡುವ ಚಿಕಿತ್ಸೆ. ಕ್ಯಾಷುವಾಲ್ಟಿಯವರು ಅಪಘಾತ, ವಿಷ, ಹಾವು ಕಡಿತ.

ನಾಲ್ಕನೇ ವರ್ಷ: ಮುಂದೆ ಹೋಗಬೇಕು ಅಂದುಕೊಂಡಿರುವ ಕಡೆಯದು. ಐಸಿಯು, ಡಯಾಲಿಸಿಸ್, ಮಾನಸಿಕ ಆರೋಗ್ಯ ಹೀಗೆ.

ಐದನೇ ವರ್ಷ: ಬಾಕಿ ಉಳಿದ ಗಂಟೆ ಮತ್ತು ರಿನೀವಲ್ ಅರ್ಜಿ. ಮೊದಲ ಆರು ತಿಂಗಳಲ್ಲೇ ಗಂಟೆ ಮುಗಿಸಿದರೆ ಒಳ್ಳೇದು.

ಮುಂದೆ ಓದುವವರಿಗೆ

ಜಿಎನ್ಎಂ ಮುಗಿಸಿ ರಿಜಿಸ್ಟ್ರೇಷನ್ ಆದವರು 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಮಾಡಬಹುದು. ಎಂಎಸ್ಸಿ ನರ್ಸಿಂಗ್ ಕೂಡ 2 ವರ್ಷ. ಅದಕ್ಕೆ ಪದವಿಯಲ್ಲಿ ಶೇ 55 ಅಂಕ ಮತ್ತು ಒಂದು ವರ್ಷದ ಕೆಲಸದ ಅನುಭವ ಬೇಕು. ಮನೆ ಜವಾಬ್ದಾರಿಯಿಂದ ಅಷ್ಟು ಸಮಯ ಕೊಡಲು ಆಗದವರಿಗೆ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳಿವೆ. ಮಾನಸಿಕ ಆರೋಗ್ಯ ನರ್ಸಿಂಗ್‌ಗೆ ಬೆಂಗಳೂರಿನ ನಿಮ್ಹಾನ್ಸ್ ಹೆಸರುವಾಸಿ. ಸೇರುವ ಮುಂಚೆ ಆ ಕಾಲೇಜಿಗೆ, ಆ ಕೋರ್ಸಿಗೆ ಕೌನ್ಸಿಲ್ ಮಾನ್ಯತೆ ಇದೆಯಾ ಅಂತ ನೋಡಿ.

ಹೊರದೇಶದ ಆಸೆ ಇರುವವರಿಗೂ ಈ ಅಭ್ಯಾಸ ಉಪಯೋಗಕ್ಕೆ ಬರುತ್ತೆ. ಬ್ರಿಟನ್‌ನಲ್ಲಿ ನರ್ಸ್‌ಗಳು 3 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಅದಕ್ಕೆ 35 ಗಂಟೆಯ ಕಲಿಕೆ ತೋರಿಸಬೇಕು.

ಮದುವೆ, ಹೆರಿಗೆ, ಹೆಸರು

ಮದುವೆ, ಹೆರಿಗೆ ಅಂತ ಕೆಲಸ ಬಿಟ್ಟವರು ರಿಜಿಸ್ಟ್ರೇಷನ್ ಮರೆತುಬಿಡುವುದು ಸಾಮಾನ್ಯ. ಮಗು ಶಾಲೆಗೆ ಹೋಗುವ ಹೊತ್ತಿಗೆ ವಾಪಸ್ ಡ್ಯೂಟಿಗೆ ಸೇರೋಣ ಅಂದ್ರೆ ರಿನೀವಲ್ ದಿನಾಂಕ ಮುಗಿದಿರುತ್ತೆ. ಕೆಲಸ ಬಿಟ್ಟರೂ ರಿನೀವಲ್ ಬಿಡಬಾರದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ರಿಜಿಸ್ಟ್ರೇಷನ್ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ಇರಲಿ. ಬೇರೆ ಬೇರೆ ಇದ್ದರೆ ಈಗಲೇ ಸರಿಪಡಿಸಿಕೊಳ್ಳಿ. ಬೇರೆ ರಾಜ್ಯಕ್ಕೆ ಕೆಲಸಕ್ಕೆ ಹೋಗುವವರು ಅಲ್ಲಿನ ಕೌನ್ಸಿಲ್‌ನಲ್ಲೂ ನೋಂದಣಿ ಮಾಡಿಸಬೇಕು.

ನರ್ಸಿಂಗ್ ಹೋಮ್ ಮಾಲೀಕರ ಗಮನಕ್ಕೆ

ರಿಜಿಸ್ಟ್ರೇಷನ್ ಮುಗಿದ ನರ್ಸ್‌ನ ಡ್ಯೂಟಿಗೆ ಹಾಕಿ ಏನಾದರೂ ಹೆಚ್ಚುಕಮ್ಮಿ ಆದರೆ ಪ್ರಶ್ನೆ ಬರುವುದು ಆಸ್ಪತ್ರೆಗೂ. ಸಿಬ್ಬಂದಿಗೆ ವರ್ಷಕ್ಕೆ 5 ದಿನ ಸಂಬಳ ಸಹಿತ ಬಿಡುವು ಕೊಡುವುದು ದೊಡ್ಡ ಖರ್ಚಲ್ಲ. ಎರಡು ಮೂರು ನರ್ಸಿಂಗ್ ಹೋಮ್ ಸೇರಿ ಹತ್ತಿರದ ಕಾಲೇಜಿನವರನ್ನು ಕೇಳಿಕೊಂಡರೆ, ಕೌನ್ಸಿಲ್ ಒಪ್ಪಿಗೆ ಪಡೆದ ಕಾರ್ಯಾಗಾರ ತಾಲ್ಲೂಕಿನಲ್ಲೇ ನಡೆಸುವ ದಾರಿಯೂ ಇದೆ.

ಇವತ್ತೇ ಮಾಡಬೇಕಾದ್ದು

- ರಿಜಿಸ್ಟ್ರೇಷನ್ ತೆಗೆದು ಮುಗಿಯುವ ದಿನಾಂಕ ನೋಡಿ, ಗೋಡೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.
- ಈವರೆಗಿನ ತರಬೇತಿ ಸರ್ಟಿಫಿಕೇಟ್ ಎಲ್ಲ ಒಂದೇ ಫೈಲ್‌ಗೆ ಹಾಕಿ, ಗಂಟೆ ಕೂಡಿಸಿ.
- ಪ್ರತಿಯೊಂದರ ಫೋಟೊ ತೆಗೆದು ನಿಮ್ಮದೇ ಇಮೇಲ್‌ಗೆ ಕಳಿಸಿಟ್ಟುಕೊಳ್ಳಿ.
- ಉಳಿದ ಗಂಟೆಯನ್ನು ಉಳಿದ ವರ್ಷಗಳಿಗೆ ಭಾಗಿಸಿ.
- ಸಂಶಯ ಇದ್ದರೆ ಏಜೆಂಟರನ್ನಲ್ಲ, ನೇರವಾಗಿ ಬೆಂಗಳೂರಿನ ರಾಜ್ಯ ಕೌನ್ಸಿಲ್ ಕಚೇರಿಯನ್ನೇ ಕೇಳಿ.